ಹತ್ತು ಸೆಂಟು, ಆಮೇಲೆ ನಿಲ್

ಮಾರ್ಚ್ ಒಂಬತ್ತು, ಸೋಮವಾರ, ಬೆಳಿಗ್ಗೆ ಹತ್ತು ಗಂಟೆ. ಸ್ಥಳ ಆಲ್ದೂರಿನ ನಮ್ಮ ಮನೆಯ ಜಗಲಿ. ಹಾಜರಿದ್ದವರು ಮೂವರು: ನಾನು, ನನ್ನ ಹೆಂಡತಿ, ಮತ್ತು ಹೋದ ತಿಂಗಳು ತೀರಿಕೊಂಡ ನನ್ನ ಸಹೋದ್ಯೋಗಿಯ ಹೆಂಡತಿ.

ಅವರು ಕಾಫಿ ಬೇಡ ಎಂದರು. ಕೈಚೀಲವನ್ನು ತೊಡೆಯಿಂದ ಇಳಿಸಲೂ ಇಲ್ಲ.

“ದೊಡ್ಡ ರೈಟ್ರೇ, ಒಂದೇ ಮಾತು ಕೇಳೋಕೆ ಬಂದಿದೀನಿ. ನೀವು ಸುಳ್ಳು ಹೇಳೋರಲ್ಲ ಅಂತ ಇವರು ಯಾವಾಗ್ಲೂ ಅಂತಿದ್ರು. ಆ ಹಾಡಲ್ಲಿರೋಳು ಯಾರು?”

“ಅದರಲ್ಲಿ ಯಾರೂ ಇಲ್ಲಮ್ಮ. ಅದು ಮಳೆ ರಿಜಿಸ್ಟರು.”

“ಅವರೂ ಅದನ್ನೇ ಹೇಳಿದ್ರು. ಏಳು ವರ್ಷ ಕೇಳಿದೀನಿ. ‘ರಿಜಿಸ್ಟರಲ್ಲಿದೆ, ನೋಡ್ಕೋ’ ಅಂದು ಎದ್ದು ಹೋಗೋರು. ಈಗ ನೋಡೋಕೇ ಬಂದೆ. ಇಲ್ಲ ಅಂದ್ರೆ ಇಲ್ಲ ಅಂತ ಗೊತ್ತಾಗ್ಲಿ. ಇದ್ದಾಳೆ ಅಂದ್ರೆ ಅದೂ ಗೊತ್ತಾಗ್ಲಿ. ದಿನಾ ಫೋಟೋಕ್ಕೆ ಹೂ ಇಡೋಳು ನಾನು.”

ಅವರು ಕೇಳಿದ ಪುಸ್ತಕ ನನ್ನ ಕಪಾಟಿನಲ್ಲಿ ಇತ್ತು. ಅದನ್ನು ತೆಗೆಯುವುದಕ್ಕೆ ಮೊದಲು ಅದನ್ನು ಬರೆದವರ ವಿಷಯ ಹೇಳಬೇಕು.

ಹೆಸರು ಬರೆಯುವುದಿಲ್ಲ. ಹಾಡಿನ ಜೊತೆ ಅದು ಸಾಕಷ್ಟು ಕಡೆ ಬಂದಿದೆ. ಬಂದಾಗಲೆಲ್ಲ ಅವರಿಗೆ ಮುಜುಗರವಾಗಿದೆ. “ಮಳೆ ಪುಸ್ತಕದಲ್ಲಿ ಅಳೆದವನ ಹೆಸರು ಎಲ್ಲಿರುತ್ತೆ ಸರ್?” ಎನ್ನುತ್ತಿದ್ದರು.

ಆಲ್ದೂರಿನಿಂದ ಏಳು ಮೈಲಿ ಒಳಗಿನ ಕಾಫಿ ಎಸ್ಟೇಟಿನಲ್ಲಿ ನಾನು ದೊಡ್ಡ ರೈಟರ್, ಎಂದರೆ ಹಿರಿಯ ಗುಮಾಸ್ತ, ಆಗಿದ್ದೆ. ಆಫೀಸು, ಹಾಜರಿ, ಉಗ್ರಾಣ ಎಲ್ಲ ನನ್ನ ಕೈಯಲ್ಲಿ. ಅವರು ಎರಡನೇ ರೈಟರಾಗಿ ಸೇರಿದಾಗ ಇಪ್ಪತ್ತನಾಲ್ಕು ವರ್ಷ. ಸಣಕಲು ಆಳು, ಕೆಳದನಿ. ಬಿಸಿಲಿದ್ದರೂ ಕಂಕುಳಲ್ಲಿ ಕೊಡೆ ಇರುತ್ತಿತ್ತು. ಮಳೆ ಬಂದರೆ ಮಾತ್ರ ಅದನ್ನು ಬಿಚ್ಚುತ್ತಿರಲಿಲ್ಲ. ಅಳೆಯುವಾಗ ಎರಡೂ ಕೈ ಬೇಕಲ್ಲ ಎನ್ನುತ್ತಿದ್ದರು. ನಾನು ಗಂಟೆ ಹೊಡೆದ ಕೂಡಲೇ ಏಳುವ ವಿದ್ಯಾರ್ಥಿನಿಲಯದಲ್ಲಿ ಬೆಳೆದವನು. ಅವರು ಸೇರಿದ ದಿನವೇ ಮಳೆ ಅಳೆಯುವ ರೇನ್‌ಗೇಜ್ ಬಳಿ ಕರೆದುಕೊಂಡು ಹೋಗಿ ಮೂರು ನಿಯಮ ಹೇಳಿದೆ. ಬೆಳಿಗ್ಗೆ ಎಂಟೂವರೆಗೆ ಅಳೆಯಬೇಕು, ಒಂದು ನಿಮಿಷವೂ ಆಚೀಚೆ ಆಗಬಾರದು. ಅಳತೆಯ ಗಾಜನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ಓದಬೇಕು. ಮಳೆ ಬಾರದ ದಿನ ಕಾಲಂ ಖಾಲಿ ಬಿಡಬಾರದು, ‘ನಿಲ್’ ಎಂದು ಬರೆಯಬೇಕು.

“ಮಳೆ ಇಲ್ಲದ ಮೇಲೆ ಬರೆಯೋದೇನು ಸರ್?”

“ಖಾಲಿ ಬಿಟ್ರೆ ನೀವು ಹೋಗಿ ನೋಡ್ಲಿಲ್ಲ ಅಂತ ಅರ್ಥ. ನಿಲ್ ಅಂದ್ರೆ ಹೋಗಿ ನೋಡಿದೆ, ಇರ್ಲಿಲ್ಲ ಅಂತ ಅರ್ಥ.”

“ಎರಡೂ ಬೇರೆನೇ” ಎಂದರು ಅವರು. ಇದನ್ನು ನಾನು ಹೇಳಿಕೊಟ್ಟವರು ಹಲವರಿದ್ದಾರೆ. ಬೇರೆ ಎಂದು ಒಪ್ಪಿಕೊಂಡವರು ಅವರೊಬ್ಬರೇ.

ನಮ್ಮ ಕಡೆ ಮಳೆಯನ್ನು ಇಂಚು ಮತ್ತು ಸೆಂಟಿನಲ್ಲಿ ಹೇಳುತ್ತಾರೆ. ನೂರು ಸೆಂಟಿಗೆ ಒಂದು ಇಂಚು. ಮಾರ್ಚ್, ಏಪ್ರಿಲ್ ತಿಂಗಳಲ್ಲಿ ಒಂದು ಇಂಚು ಹೂಮಳೆ ಬಿದ್ದರೆ ಕಾಫಿ ಗಿಡ ಬೆಳ್ಳಗೆ ಅರಳುತ್ತದೆ. ಏನೂ ಬೀಳದಿದ್ದರೆ ಮೊಗ್ಗು ಮಲಗಿ ಕಾಯುತ್ತದೆ. ಎರಡಕ್ಕೂ ಮಧ್ಯೆ ಹತ್ತು ಸೆಂಟು ಎಂಬ ಪೀಡೆಯಿದೆ. ಹತ್ತು ಸೆಂಟಿಗೆ ಮೊಗ್ಗು ಎಚ್ಚರವಾಗುತ್ತದೆ, ಅರಳಲು ನೀರು ಸಾಲುವುದಿಲ್ಲ. ಅರ್ಧಕ್ಕೆ ನಿಂತು ಕೆಂಪಗಾಗಿ ಒಣಗುತ್ತದೆ. ಬೈಗುಳ ಬಾರದ ಬೆಳೆಗಾರನೂ ಆ ದಿನ ಬೈಯುತ್ತಾನೆ.

ಅವರು ಹಾಡು ಕಟ್ಟಿದ್ದು ಕವಿತೆಯ ಹುಚ್ಚಿನಿಂದಲ್ಲ. ರೇನ್‌ಗೇಜಿನಿಂದ ಆಫೀಸಿಗೆ ಇನ್ನೂರು ಹೆಜ್ಜೆ. ಕಾಗದ ಒಯ್ದರೆ ನೆನೆಯುತ್ತದೆ. ದಾರಿಯಲ್ಲಿ ಮೇಸ್ತ್ರಿ ಒಬ್ಬ ಸಿಕ್ಕಿ ಏನಾದರೂ ಕೇಳಿದರೆ ಅಳತೆ ಮರೆತುಹೋಗುತ್ತದೆ. ಹಾಗಾಗಿ ಅವರು ಅಂಕಿಯನ್ನು ರಾಗವಾಗಿ ಹೇಳಿಕೊಂಡು ಬರುತ್ತಿದ್ದರು. “ಒಂದು ಇಂಚು ಮೂವತ್ತೆರಡೂ, ಒಂದು ಇಂಚು ಮೂವತ್ತೆರಡೂ.” ಎದುರಿಗೆ ಬಂದವರಿಗೆ ಕೈ ಸನ್ನೆ ಮಾತ್ರ. ಪುಸ್ತಕದಲ್ಲಿ ಬರೆದ ಮೇಲೆ ಹಾಡು ನಿಲ್ಲುತ್ತಿತ್ತು, ಆಮೇಲೆ “ನಮಸ್ಕಾರ ಸರ್” ಬರುತ್ತಿತ್ತು.

ಒಮ್ಮೆ ಪಕ್ಕದ ಎಸ್ಟೇಟಿನಲ್ಲಿ ಎಪ್ಪತ್ತು ಸೆಂಟು ಬಿದ್ದಿತ್ತು, ನಮ್ಮಲ್ಲಿ ನಲವತ್ತೈದು. ಎಸ್ಟೇಟಿನ ಗೌಡರಿಗೆ ನಾಲ್ಕು ಜನರೆದುರು ಹೇಳಿಕೊಳ್ಳಲು ಅದು ಕಡಿಮೆಯಾಯಿತು. “ಎಪ್ಪತ್ತು ಅಂತ ಹಾಕು ಮಾರಾಯ, ಮಳೆ ಏನು ಬಂದು ಕೇಳ್ತದಾ?” ಎಂದರು. ಇವರು ಹೋಗಿ ಅಳತೆಯ ಗಾಜನ್ನು ತಂದು ಗೌಡರ ಮುಂದಿಟ್ಟರು. “ಇದರಲ್ಲಿ ನಲವತ್ತೈದಿದೆ ಗೌಡ್ರೇ. ಉಳಿದ ಇಪ್ಪತ್ತೈದು ನೀವೇ ಹೊಯ್ದು ಕೊಡಿ, ಬರ್ಕೋತೀನಿ.” ಗೌಡರು ನಕ್ಕರು. ನಾನು ನಗಲಿಲ್ಲ. ಗಾಜು ಆಫೀಸಿಗೆ ತರುವ ವಸ್ತುವಲ್ಲ.

ನನಗೂ ಅವರಿಗೂ ಜಗಳ ಬಂದದ್ದು ಒಂದೇ ವಿಷಯಕ್ಕೆ: ಷರಾ ಕಾಲಂ. ಮಳೆ ಪುಸ್ತಕದ ಕೊನೆಯ ಕಾಲಂ ಅದು. ಗೇಜು ಸೋರಿತು, ಗಾಜು ಒಡೆಯಿತು ಎಂಬಂಥ ಸಂಗತಿಗೆ ಮೀಸಲು. ಅವರು ಅಲ್ಲಿ ‘ಮೋಡ ಬಂದು ಬಾಗಿಲಲ್ಲೇ ನಿಂತು ಹೋಯಿತು’ ಎಂದು ಬರೆಯುತ್ತಿದ್ದರು. ‘ಗುಡುಗು ದೇವರಮನೆ ಗುಡ್ಡದ ಕಡೆ, ನಮಗಲ್ಲ’ ಎಂದು ಬರೆಯುತ್ತಿದ್ದರು. ಶನಿವಾರ ಪುಸ್ತಕ ನೋಡುವಾಗ ನಾನು ಅದರ ಮೇಲೆಲ್ಲ ಕೆಂಪು ಗೀಟು ಎಳೆಯುತ್ತಿದ್ದೆ. “ಮೋಡ ನೋಡಿ ಬರೆಯೋನು ಕವಿ, ಗಾಜು ನೋಡಿ ಬರೆಯೋನು ರೈಟರು” ಎಂದು ಒಮ್ಮೆ ಹೇಳಿದೆ. ಆ ಮಾತನ್ನು ಅವರು ಮುಂದೆ ಹೊಸಬರಿಗೆಲ್ಲ ನನ್ನ ಹೆಸರಿನಲ್ಲೇ ಹೇಳುತ್ತಿದ್ದರಂತೆ. ಷರಾ ಬರೆಯುವುದನ್ನು ಮಾತ್ರ ಬಿಡಲಿಲ್ಲ.

ನಾನು ನಿವೃತ್ತನಾದ ಮೇಲೆ ಅವರೇ ದೊಡ್ಡ ರೈಟರಾದರು. ಎಂಟು ವರ್ಷದ ಹಿಂದೆ ಗೌಡರ ಮೊಮ್ಮಗಳು ಎಸ್ಟೇಟಿಗೆ ಬಂದಿದ್ದಳು. ಬೆಂಗಳೂರಿನಲ್ಲಿ ಹಾಡುವ ಹುಡುಗಿ. ಹಕ್ಕಿಯ ಕೂಗನ್ನು ಫೋನಿನಲ್ಲಿ ಹಿಡಿಯಲು ಬೆಳಿಗ್ಗೆ ರೇನ್‌ಗೇಜಿನ ಹತ್ತಿರ ನಿಂತಿದ್ದಾಗ ಇವರು ಅಂಕಿ ಹಾಡಿಕೊಂಡು ಬಂದರು. ಅವಳು ಅದನ್ನೇ ಹಿಡಿದುಕೊಂಡಳು. “ಅಂಕಲ್, ಇದಕ್ಕೆ ಮುಂದಿನ ಸಾಲು ಏನು?” ಎಂದು ಕೇಳಿದಳಂತೆ. “ಮುಂದಿನ ಸಾಲು ನಾಳೆ ಎಂಟೂವರೆಗೆ” ಎಂದರಂತೆ ಇವರು. ಅವಳು ಬಿಡಲಿಲ್ಲ. ಮರುದಿನ ಇವರು ಹಳೆಯ ಪುಸ್ತಕವೊಂದನ್ನು ತೆಗೆದು, ಸೇರಿದ ಎರಡನೇ ವರ್ಷದ ಮಾರ್ಚ್ ತಿಂಗಳ ಪುಟವನ್ನು ರಾಗವಾಗಿ ಓದಿದರು. ‘ಹತ್ತು ಸೆಂಟು ಮಳೆ, ಅಷ್ಟೇ, ಆಮೇಲೆ ನಿಲ್, ನಿಲ್, ನಿಲ್.’ ಅದೇ ಪಲ್ಲವಿಯಾಯಿತು. ಬಾಗಿಲಲ್ಲಿ ನಿಂತ ಮೋಡವೂ ಗುಡುಗೂ ನನ್ನ ಕೆಂಪು ಗೀಟಿನಡಿಯಿಂದ ಎದ್ದು ಚರಣಗಳಾದವು. ಹುಡುಗಿ ಪ್ರಾಮಾಣಿಕಳು, ಸಾಹಿತ್ಯ ಎಂಬಲ್ಲಿ ಅವರ ಹೆಸರನ್ನೇ ಹಾಕಿದಳು.

ಮುಂದಿನ ವರ್ಷ ಅದು ಆಟೋದಲ್ಲಿ, ಬಸ್ಸಿನಲ್ಲಿ, ಎಲ್ಲರ ಫೋನಿನಲ್ಲಿ ಕೇಳಿಸತೊಡಗಿತು. ಘಟ್ಟದ ಕೆಳಗಿನವರಿಗೂ ಬಯಲುಸೀಮೆಯವರಿಗೂ ಸೆಂಟು ಎಂದರೆ ಸುಗಂಧ. ನಿಲ್ ಎಂದರೆ ನಿಲ್ಲು, ಹೋಗಬೇಡ. ಹಾಗಾಗಿ ರಾಜ್ಯದ ಜನ ಅದನ್ನು ಪರಿಮಳದ ಮಳೆಯಲ್ಲಿ ಪ್ರೇಯಸಿಯನ್ನು ತಡೆಯುವ ಹಾಡೆಂದು ತಿಳಿದರು. ‘ನಿಲ್’ ಎಂಬುದು ಹಳಗನ್ನಡದ ರೂಪ, ಇಂದಿನ ಹಾಡಿನಲ್ಲಿ ಅದು ಬಂದದ್ದು ಸಂತೋಷ ಎಂದು ಒಬ್ಬ ಕನ್ನಡ ಮೇಷ್ಟ್ರು ಅವರಿಗೆ ಕಾಗದ ಬರೆದಿದ್ದರು. ಅವರು ಅದನ್ನು ತಂದು ನನಗೆ ತೋರಿಸಿ, “ನಿಮ್ಮ ನಿಯಮಕ್ಕೆ ಬಂದ ಹೊಗಳಿಕೆ ಸರ್, ಫೈಲ್ ಮಾಡ್ಕೊಳ್ಳಿ” ಎಂದರು.

ಇಲ್ಲಿನ ಕಲ್ಯಾಣಮಂಟಪದಲ್ಲಿ ಒಂದು ಆರತಕ್ಷತೆಗೆ ಇಬ್ಬರೂ ಹೋಗಿದ್ದೆವು. ಮದುಮಗನ ಕೋರಿಕೆಯ ಮೇಲೆ ಆರ್ಕೆಸ್ಟ್ರಾದವನು ಕಣ್ಣು ಮುಚ್ಚಿ, ತನ್ನದೊಂದು ಪದ ಸೇರಿಸಿ, ‘ಹತ್ತು ಸೆಂಟು ಮಳೆ ನೀನು’ ಎಂದು ಎಳೆದ. ಗಂಡಿನ ಕಡೆಯವರು ಮೈಸೂರಿನವರು, ಕೆಲವರು ಕಣ್ಣೊರೆಸಿಕೊಂಡರು. ಹಿಂದಿನ ಸಾಲಿನಲ್ಲಿದ್ದ ಹೆಣ್ಣಿನ ಕಡೆಯ ಬೆಳೆಗಾರರು ಟವೆಲಿನಲ್ಲಿ ಬಾಯಿ ಮುಚ್ಚಿಕೊಂಡು ನಗುತ್ತಿದ್ದರು. ಇವರು ನನ್ನ ಕಿವಿಗೆ ಬಾಗಿ, “ಆ ಹುಡುಗಿಗೆ ಯಾರಾದ್ರೂ ಹೇಳ್ಬೇಕು ಸರ್, ಗಂಡ ಇವಳನ್ನ ಪೀಡೆ ಅಂತಿದಾನೆ” ಎಂದರು.

ಫೋನಿನ ಚಾನೆಲ್ಲಿನವರೊಬ್ಬರು ಬಂದು, “ಆ ಹುಡುಗಿ ಯಾರು ಸರ್?” ಎಂದು ಕೇಳಿದ್ದರು. “ಮಳೆ” ಎಂದರು ಇವರು. ‘ಕೊನೆಗೂ ಹೆಸರು ಹೇಳದ ಪ್ರೇಮಿ’ ಎಂದು ಅವರು ತಲೆಬರಹ ಹಾಕಿದರು. ಇವರು ಅದನ್ನು ನನಗೆ ಹೇಳಿ ನಕ್ಕಿದ್ದರು, ನಾನೂ ನಕ್ಕಿದ್ದೆ. ಮನೆಯೊಳಗೆ ಅದು ಏನಾಗಿದೆ ಎಂದು ನನಗೆ ತಿಳಿದದ್ದು ಮಾರ್ಚ್ ಒಂಬತ್ತರಂದು.

“ನಾಮಕರಣಕ್ಕೆ ಹೋದ್ರೂ ಕೇಳೋರು,” ಎಂದರು ಅವರ ಹೆಂಡತಿ. “‘ನಿಮ್ಮ ಯಜಮಾನ್ರು ಯಾರಿಗಕ್ಕ ನಿಲ್ಲು ಅಂದಿದ್ದು? ನೀವಂತೂ ಇಲ್ಲೇ ನಿಂತಿದೀರಲ್ಲ’ ಅನ್ನೋರು. ನಾನೂ ನಗ್ತಿದ್ದೆ. ಮನೆಗೆ ಬಂದು ಕೇಳಿದ್ರೆ ರಿಜಿಸ್ಟರು. ಲೋಕದಲ್ಲಿ ಯಾರಾದ್ರೂ ಮಳೆಗೆ ನಿಲ್ಲು ಅಂತ ಹಾಡ್ತಾರಾ, ಅದೂ ಬೇಸಿಗೆಯಲ್ಲಿ?”

ಐದು ವರ್ಷದ ಹಿಂದೆ ಎಸ್ಟೇಟಿನಲ್ಲಿ ತಾನೇ ಮಳೆ ಅಳೆಯುವ ಯಂತ್ರ ಕೂರಿಸಿದರು. ಹಳೆಯ ಪುಸ್ತಕಗಳನ್ನು ಸುಡಲು ಹೊಸ ಮ್ಯಾನೇಜರು ಹೇಳಿದರಂತೆ. ಇವರು ಅವನ್ನೆಲ್ಲ ಪಿಕಪ್ಪಿನಲ್ಲಿ ಹೇರಿಕೊಂಡು ನಮ್ಮ ಮನೆಗೆ ತಂದರು. “ನನ್ನ ಕೈಲಾಗ್ಲಿಲ್ಲ ಸರ್. ನಿಮ್ಮನೇಲಿ ಕಪಾಟಿದೆ.” ಆಮೇಲೆ ಭಾನುವಾರ ಬಂದಾಗ ಒಮ್ಮೊಮ್ಮೆ ಕಪಾಟಿನ ಮುಂದೆ ನಿಲ್ಲುತ್ತಿದ್ದರು. ಒಂದು ಸಲ, “ನಾನು ಸೇರಿದ ಎರಡನೇ ವರ್ಷದ್ದು ಇದೆಯಾ ಸರ್?” ಎಂದು ಕೇಳಿದರು. “ಇದೆ, ತೆಗೀಲಾ?” ಎಂದೆ. “ಬೇಡ, ಇರ್ಲಿ” ಎಂದರು. ನಾನು ಮುಂದೆ ಕೇಳಲಿಲ್ಲ.

ಹತ್ತೂ ಮುಕ್ಕಾಲಿಗೆ ಕಪಾಟು ತೆರೆದೆ. ವರ್ಷದ ಪ್ರಕಾರ ಜೋಡಿಸಿದ್ದರಿಂದ ಹುಡುಕಬೇಕಾಗಲಿಲ್ಲ. ಮಾರ್ಚ್ ತಿಂಗಳ ಪುಟ ತೆಗೆದು ಅವರ ಹೆಂಡತಿಯ ಮುಂದಿಟ್ಟೆ. ಒಂದು ಗುರುವಾರ, ಮಳೆ ಕಾಲಂನಲ್ಲಿ ಹತ್ತು ಸೆಂಟು. ಷರಾದಲ್ಲಿ ‘ಅಷ್ಟೇ’. ಶುಕ್ರವಾರ, ಮಳೆ ಕಾಲಂನಲ್ಲಿ ನಿಲ್. ಷರಾದಲ್ಲಿಯೂ ನಿಲ್. ಶನಿವಾರ ಹಾಗೆಯೇ. ಭಾನುವಾರ ಹಾಗೆಯೇ. ಪುಟದಲ್ಲಿ ಹೀಗೇ ಸಾಲಾಗಿ ಎರಡೆರಡು ನಿಲ್, ಷರಾದವುಗಳ ಮೇಲೆಲ್ಲ ಕೆಂಪು ಗೀಟು.

“ಈ ಗೀಟು ಯಾರ್ದು?”

“ನಂದು. ಒಂದು ಕಡೆ ಬರೆದ ಮೇಲೆ ಇನ್ನೊಂದು ಕಡೆ ಯಾಕೆ ಅಂತ ಕೇಳಿದ್ದೆ. ‘ಕೈತಪ್ಪಿ ಬಿತ್ತು ಸರ್’ ಅಂದ್ರು. ಮುಂದಿನ ವಾರವೂ ಹಾಗೇ ಬರೆದಿದ್ರು.”

ಅವರು ಪುಟದ ಮೇಲಿನ ವರ್ಷವನ್ನು ಬೆರಳಿಟ್ಟು ಓದಿದರು. ಮುಖ ಬಿಗಿಯಾಯಿತು. “ಇದು ನಮ್ಮ ಮದುವೆ ಆದ ವರ್ಷ. ಆಗಿ ಎರಡು ತಿಂಗಳು. ಹೊಸ ಹೆಂಡ್ತಿ ಮನೇಲಿರುವಾಗ ಇದನ್ನ ಬರೆದ್ರಾ?”

ಬಾಗಿಲ ಬಳಿ ಅವರೆಕಾಯಿ ಬಿಡಿಸುತ್ತ ಕೂತಿದ್ದ ನನ್ನ ಹೆಂಡತಿ ತಲೆ ಎತ್ತಿದಳು. “ಮಾರ್ಚು ಅಂತೀರಿ. ಮದುವೆಯಾದ ಮೊದಲ್ನೇ ಯುಗಾದಿ ಅಲ್ವಾ? ನೀವು ಮನೇಲೆಲ್ಲಿದ್ರಿ? ತವರಿಗೆ ಹೋಗಿರ್ಬೇಕಲ್ಲ.”

“ಹೋಗಿದ್ದೆ,” ಎಂದರು ಅವರು ನಿಧಾನವಾಗಿ. “ಸಂಜೆಯ ಕಳಸದ ಬಸ್ಸಿಗೆ. ಮಂಗಳವಾರ ಬೇಡ ಅಂತ ಅತ್ತೆ ತಡೆದ್ರು, ಬುಧವಾರ ಹೊರಟೆ. ಇವರೇ ಬಸ್ಸು ಹತ್ತಿಸಿದ್ರು. ನಾಲ್ಕು ಹನಿ ಬಿತ್ತು, ಸೆರಗೂ ನೆನೀಲಿಲ್ಲ.” ಮತ್ತೆ ಪುಟ ನೋಡಿ ತಲೆಯಾಡಿಸಿದರು. “ಇಲ್ಲಕ್ಕ. ಇಲ್ಲಿ ಮಳೆ ಬಂದಿದ್ದು ಗುರುವಾರ. ನಾನು ಹೋಗಿದ್ದು ಬುಧವಾರ. ಇದು ಬೇರೆ.” ಪುಸ್ತಕ ಮುಚ್ಚಿದರು.

“ತೆಗೀರಿ,” ಎಂದೆ. “ಬೆಳಿಗ್ಗೆ ಎಂಟೂವರೆಗೆ ಅಳೆಯೋದು. ಬುಧವಾರ ಸಂಜೆ ಬಿದ್ದ ಮಳೆ ಪುಸ್ತಕಕ್ಕೆ ಬರೋದು ಗುರುವಾರ. ಇದು ನಿಮ್ಮ ಬುಧವಾರದ ಮಳೆ.”

ಅವರು ತೆಗೆಯಲಿಲ್ಲ. ನಾನೇ ತೆಗೆದೆ.

“ವಾಪಸ್ ಬಂದದ್ದು ಯಾವಾಗ?”

“ಸೋಮವಾರ ಮಧ್ಯಾಹ್ನ. ಮತ್ತೆ ಮಂಗಳವಾರ ಬೇಡ ಅಂತ ಅಮ್ಮ ಸೋಮವಾರವೇ ಕಳಿಸಿದ್ರು. ಐದು ದಿನಕ್ಕೆ ಅಂತ ಹೋದೋಳು ಹತ್ತೊಂಬತ್ತು ದಿನ ಕೂತೆ.”

ಷರಾದ ನಿಲ್‌ಗಳನ್ನು ಪೆನ್ಸಿಲಿನ ಹಿಂಬದಿಯಿಂದ ಎಣಿಸಿದೆ. ಹದಿನೆಂಟು. ಕೊನೆಯದು ಸೋಮವಾರ ಬೆಳಗಿನದು. ಮಂಗಳವಾರ ಷರಾ ಖಾಲಿ. ಮಳೆ ಕಾಲಂನ ನಿಲ್ ಮಾತ್ರ ಇನ್ನೂ ನಾಲ್ಕು ದಿನ ಮುಂದುವರಿದಿತ್ತು. ಒಂದು ಇಂಚು ಮಳೆ ಬಂದದ್ದು ಆ ಶನಿವಾರ. ಮಳೆಗೆ ಬರೆದ ನಿಲ್ ಇಪ್ಪತ್ತೆರಡು, ಷರಾದಲ್ಲಿ ಬರೆದದ್ದು ಹದಿನೆಂಟು. ಪ್ರತಿ ಶನಿವಾರ ಕೆಂಪು ಗೀಟು ಎಳೆದ ನಾನು ಎರಡನ್ನೂ ಹೋಲಿಸಿ ನೋಡಿರಲಿಲ್ಲ.

ಅವರೂ ಎಣಿಸಿದರು. ಎರಡು ಸಲ ಎಣಿಸಿದರು.

“ಐದು ದಿನ ಹತ್ತೊಂಬತ್ತು ಯಾಕಾಯ್ತು?” ಎಂದು ನನ್ನ ಹೆಂಡತಿ ಕೇಳಿದಳು.

“ಹಬ್ಬಕ್ಕೆ ಹೊಸ ಅಳಿಯ ಬರ್ಲಿಲ್ಲ ಅಂತ ಅಪ್ಪಯ್ಯಂಗೆ ಸಿಟ್ಟು. ಕರೆಯೋಕೆ ಅವನೇ ಬರ್ಲಿ ಅಂತ ಕೂರಿಸ್ಕೊಂಡ್ರು. ಇವರು ಅದಕ್ಕೂ ಬರ್ಲಿಲ್ಲ. ಕೊನೆಗೆ ಅಮ್ಮನೇ ನನ್ನ ಕಳಿಸಿದ್ರು. ಯಾಕೆ ಬರ್ಲಿಲ್ಲ ಅಂದ್ರೆ ‘ಕೆಲಸ ಇತ್ತು’ ಅಂದ್ರು. ರಜೆ ಕೇಳೋ ಮನಸ್ಸೇ ಇರ್ಲಿಲ್ಲ ಅಂತ ಅಪ್ಪಯ್ಯ ಸಾಯೋವರೆಗೂ ಅಂತಿದ್ರು.”

“ಕೇಳಿದ್ರು,” ಎಂದೆ. “ಮೂರು ದಿನ ರಜೆ ಕೇಳಿ ಚೀಟಿ ಕೊಟ್ಟಿದ್ರು. ಹೂಮಳೆ ಕಾಲದಲ್ಲಿ ರಜೆ ಇಲ್ಲ ಅಂತ ನಾನೇ ಬರೆದು ವಾಪಸ್ ಕೊಟ್ಟೆ. ಮಾವನವರು ಕರೀತಿದಾರೆ ಅಂತ ಇನ್ನೊಂದು ಸಲ ಕೇಳಿದ್ರು. ಆಗಲೂ ಇಲ್ಲ ಅಂದೆ.”

ಆ ಮೂರು ದಿನ ನಾನೇ ಹೋಗಿ ಮಳೆ ನೋಡಬಹುದಿತ್ತು. ಇನ್ನೂರು ಹೆಜ್ಜೆ. ಅಂದು ಅದು ನನಗೆ ಹೊಳೆಯಲೇ ಇಲ್ಲ. ನಲವತ್ತು ವರ್ಷಕ್ಕೂ ಹೆಚ್ಚು ಕಾಲ ಅವರು ನನ್ನ ಹೆಸರನ್ನು ಮಾವನ ಮುಂದೆಯೂ ಹೆಂಡತಿಯ ಮುಂದೆಯೂ ಎತ್ತಿರಲಿಲ್ಲ.

“ಪ್ರತಿ ಯುಗಾದಿಗೆ ನಿಮ್ಮನೆಗೆ ಹೋಳಿಗೆ ಕಳಿಸಿದೀನಿ ರೈಟ್ರೇ,” ಎಂದರು ಅವರು.

“ಹೌದಮ್ಮ.”

“ತಿಂದ್ರಿ.”

“ತಿಂದೆ.”

“ಈ ಸಲ ಸೂತಕದ ವರ್ಷ, ನಮ್ಮಲ್ಲಿ ಹಬ್ಬ ಇಲ್ಲ. ಮುಂದಿನ ವರ್ಷದ್ದು ಆಮೇಲೆ ನೋಡೋಣ.” ನನ್ನ ಹೆಂಡತಿ ಸೆರಗು ಬಾಯಿಗೆ ಹಿಡಿದಳು. ನಕ್ಕಳೋ ಅತ್ತಳೋ ನಾನು ನೋಡಲಿಲ್ಲ.

ಆಮೇಲೆ ಅವರು ಕೇಳಿದರು: “ನಿಲ್ ಅಂದ್ರೆ ಏನು? ನಿಲ್ಲು ಅಂತಲಾ?”

“ಅಲ್ಲ. ಹೋಗಿ ನೋಡಿದೆ, ಇರ್ಲಿಲ್ಲ ಅಂತ.”

ಅವರು ಬೆರಳನ್ನು ಮೊದಲ ನಿಲ್ ಮೇಲಿಟ್ಟು ಒಂದೊಂದಾಗಿ ಕೆಳಗೆ ಇಳಿಸಿದರು. ಸೋಮವಾರಕ್ಕೆ ಬಂದು ಬೆರಳು ನಿಂತಿತು.

“ಹತ್ತೊಂಬತ್ತು ದಿನ ಒಂದು ಕಾಗದ ಹಾಕ್ಲಿಲ್ಲ ಮಹಾರಾಯ್ರು,” ಎಂದರು. “ದಿನಾ ಅಂಚೆಯವನ ದಾರಿ ಕಾದೆ. ಇಲ್ಲಿ ಬರೆದು ಕೂತಿದಾರೆ.”

ಈಗ ಕಾಫಿ ಕೊಡಿ ಎಂದರು. ಚೀಲ ಕೆಳಗಿಟ್ಟು ಕುಡಿದರು.

ಆ ಪುಟ ಬೇಕು ಎಂದು ಕೇಳಿದರು. ರಿಜಿಸ್ಟರಿನಿಂದ ಪುಟ ಹರಿಯುವುದಿಲ್ಲ ಎಂದೆ. ಹಾಗಾದರೆ ನಕಲು ಬರೆದುಕೊಡಿ ಎಂದರು. ಸ್ಕೇಲು, ಪೆನ್ನು ತಂದು ಕೂತೆ. ಗೆರೆ ಹಾಕಿದ ಮೇಲೆ ಕೈ ಮುಂದೆ ಹೋಗಲಿಲ್ಲ. ಆ ಹದಿನೆಂಟನ್ನು ನನ್ನ ಅಕ್ಷರದಲ್ಲಿ ಬರೆಯುವುದು ಸರಿಯಲ್ಲ ಎನಿಸಿತು. ಪುಸ್ತಕವನ್ನೇ ಕೊಟ್ಟೆ. ತಲುಪಿದ್ದಕ್ಕೆ ಒಂದು ಚೀಟಿಯಲ್ಲಿ ಅವರ ಸಹಿ ತೆಗೆದುಕೊಂಡೆ. ಸಹಿ ಹಾಕುವಾಗ, “ಇದನ್ನೂ ಬಿಡಲ್ವಾ ನೀವು?” ಎಂದರು. ಬಿಡಲಿಲ್ಲ. ಪುಸ್ತಕ ಚೀಲದಲ್ಲಿ ಹಿಡಿಸಲಿಲ್ಲ. ಎದೆಗೆ ಒತ್ತಿ ಹಿಡಿದುಕೊಂಡು ಒಂದು ಗಂಟೆಯ ಬಸ್ಸಿಗೆ ಹೋದರು. ನಿಲ್ದಾಣದವರೆಗೆ ಹೋಗಿ ಹತ್ತಿಸಿ ಬಂದೆ.

ಊಟ ಮಾಡಿದೆ. ಎರಡರಿಂದ ಮೂರರವರೆಗೆ ಮಲಗುವುದು ರೂಢಿ, ಮಲಗಿದೆ, ನಿದ್ದೆ ಬರಲಿಲ್ಲ. ಎದ್ದು ಕಪಾಟಿನ ಮುಂದೆ ನಿಂತೆ. ಎರಡು ಪುಸ್ತಕಗಳ ನಡುವೆ ಒಂದು ಪುಸ್ತಕದಷ್ಟು ಜಾಗ. ಖಾಲಿ ಬಿಡುವಂತಿಲ್ಲ. ರಟ್ಟನ್ನು ಆ ಅಳತೆಗೆ ಕತ್ತರಿಸಿ, ಮೇಲೆ ವರ್ಷ ಬರೆದು, ಕೆಳಗೆ ‘ಷರಾ’ ಎಂದು ಹಾಕಿದೆ. ಅದರ ಮುಂದೆ ಕೆಂಪು ಬಿಟ್ಟು ನೀಲಿ ಶಾಯಿಯಲ್ಲಿ ಬರೆದೆ: ವಿಳಾಸದಾರರಿಗೆ ತಲುಪಿದೆ. ರಟ್ಟನ್ನು ಜಾಗದಲ್ಲಿ ನಿಲ್ಲಿಸಿ ಕಪಾಟಿಗೆ ಬೀಗ ಹಾಕಿದಾಗ ಸಂಜೆ ಐದು ಗಂಟೆ.